860 ರೂಪಾಯಿಗೆ ಇಡೀ ಅಕೌಂಟ್ ಫ್ರೀಜ್! ಸ್ಕ್ಯಾನರ್ ಕಿತ್ತು ಹಾಕಲಾ?

ಘಾಟ್ಕೋಪರ್_ಗಲ್ಲಾ:
ನಮಸ್ಕಾರ ಎಲ್ಲರಿಗೂ. ಘಾಟ್ಕೋಪರ್ ಕಡೆ ನಮ್ಮದೊಂದು ಸಣ್ಣ ಹೋಟೆಲ್ ಇದೆ, ಅಪ್ಪನ ಕಾಲದ್ದು. ಮೊನ್ನೆ ಬೆಳಿಗ್ಗೆ ಹಾಲಿನವನಿಗೆ ದುಡ್ಡು ಹಾಕಲು ಹೋದರೆ ಹೋಗುತ್ತಿಲ್ಲ. ಸರ್ವರ್ ಡೌನ್ ಇರಬೇಕು ಅಂತ ಸುಮ್ಮನಾದೆ. ಮಧ್ಯಾಹ್ನ ಗ್ಯಾಸ್‌ನವನಿಂದ ಫೋನ್, ನಾನು ಕೊಟ್ಟ ಚೆಕ್ ವಾಪಸ್ ಬಂದಿದೆಯಂತೆ. ಬ್ಯಾಂಕಿಗೆ ಓಡಿದೆ. ಸೈಬರ್ ಪೊಲೀಸರು ಅಕೌಂಟ್ ಫ್ರೀಜ್ ಮಾಡಿಸಿದ್ದಾರೆ ಅಂದರು.

ಕಾರಣ ಕೇಳಿ. ಕೆಲವು ವಾರದ ಹಿಂದೆ ಯಾರೋ ಒಬ್ಬ ಪಾರ್ಸೆಲ್ ತಗೊಂಡು 860 ರೂಪಾಯಿ ಸ್ಕ್ಯಾನ್ ಮಾಡಿ ಹೋಗಿದ್ದಾನೆ. ಅದು ಬೇರೆ ಯಾವುದೋ ರಾಜ್ಯದಲ್ಲಿ ಯಾರಿಗೋ ಟೋಪಿ ಹಾಕಿ ಹೊಡೆದ ದುಡ್ಡಂತೆ. ನಮ್ಮ ಹೋಟೆಲಲ್ಲಿ ದಿನಕ್ಕೆ ಎಷ್ಟು ಜನ ಸ್ಕ್ಯಾನ್ ಮಾಡುತ್ತಾರೆ, ಯಾರ ಮುಖ ಅಂತ ನೆನಪಿರುತ್ತೆ? ಇಡ್ಲಿ ವಡೆ ಕೊಡುವ ಮುಂಚೆ ನಿನ್ನ ದುಡ್ಡು ಎಲ್ಲಿಂದ ಬಂತು ಅಂತ ಕೇಳಲಾ?

860 ಹಿಡಿದುಕೊಳ್ಳಲಿ, ಬೇಡ ಅನ್ನಲ್ಲ. ಪೂರ್ತಿ ಅಕೌಂಟ್ ಯಾಕೆ? ಹುಡುಗರ ಸಂಬಳ, ಬಾಡಿಗೆ, ಕಿರಾಣಿ ಎಲ್ಲ ಅದರಿಂದಲೇ ಹೋಗುವುದು. ಮ್ಯಾನೇಜರ್ "ನಮ್ಮ ಕೈಯಲ್ಲಿ ಏನೂ ಇಲ್ಲ, ಆ ಠಾಣೆಗೇ ಹೋಗಿ" ಅನ್ನುತ್ತಾರೆ. ಠಾಣೆ ಇರುವುದು ಸಾವಿರಾರು ಕಿಲೋಮೀಟರ್ ದೂರ. ಫೋನ್ ಎತ್ತುವವರಿಲ್ಲ. ಯಾರಿಗಾದರೂ ಹೀಗೆ ಆಗಿದೆಯಾ? ನಾಳೆಯಿಂದ ಸ್ಕ್ಯಾನರ್ ತೆಗೆದು ನಗದು ಮಾತ್ರ ಅಂತ ಬೋರ್ಡ್ ಹಾಕಿಬಿಡಲಾ ಅಂತ ಯೋಚನೆ ಬಂದಿದೆ.

ಡೊಂಬಿವಲಿ_ಸ್ಲೋ:
ನಮ್ಮ ಭಾವನ ಮೊಬೈಲ್ ಅಂಗಡಿಗೂ ಇದೇ ಆಗಿತ್ತು. ಕವರ್ ಮಾರಿದ್ದಕ್ಕೆ.

ಮಾಟುಂಗಾ_ಮಾಣಿ:
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮುಲುಂಡ್_ಮಾಜಿ_ಕ್ಯಾಶಿಯರ್:
ತಮ್ಮಾ, ಮೊದಲು ಗಾಬರಿ ಬಿಡು. ನಾನು ಬ್ಯಾಂಕಿನಿಂದ ರಿಟೈರ್ ಆದವನು, ಕೊನೆಕೊನೆಗೆ ಇಂಥ ಕೇಸುಗಳನ್ನೇ ಜಾಸ್ತಿ ನೋಡಿದ್ದೇನೆ. ಇದು ಹೇಗೆ ಆಗುತ್ತೆ ಅಂತ ಹೇಳುತ್ತೇನೆ.

ಮೋಸ ಹೋದವನು 1930ಕ್ಕೆ ಫೋನ್ ಮಾಡುತ್ತಾನೆ. ಕೇಂದ್ರ ಗೃಹ ಇಲಾಖೆಯ ವ್ಯವಸ್ಥೆ ಅದು, 2021ರಲ್ಲಿ ಶುರುವಾಗಿದ್ದು. ಆಗ ನಂಬರ್ 155260 ಇತ್ತು, ಆಮೇಲೆ 1930 ಮಾಡಿದರು. ದೂರು ದಾಖಲಾದ ಕೂಡಲೇ ಅವನ ಬ್ಯಾಂಕಿಗೆ ಸಂದೇಶ ಹೋಗುತ್ತೆ. ದುಡ್ಡು ಅಷ್ಟರೊಳಗೆ ಇನ್ನೊಂದು ಬ್ಯಾಂಕಿಗೆ ದಾಟಿದ್ದರೆ ಅಲ್ಲಿಗೆ, ಅಲ್ಲಿಂದ ಮುಂದೆ ಹೋಗಿದ್ದರೆ ಅದರ ಮುಂದಿನದಕ್ಕೆ. ಹೀಗೆ ಒಂದೊಂದು ಮೆಟ್ಟಿಲನ್ನು ಲೇಯರ್ ಅನ್ನುತ್ತಾರೆ. ಕಳ್ಳರು ದುಡ್ಡನ್ನು ಒಂದೇ ಕಡೆ ಇಡಲ್ಲ, ಹತ್ತಾರು ಅಕೌಂಟಿಗೆ ಚೂರು ಚೂರು ಮಾಡಿ ಓಡಿಸುತ್ತಾರೆ. ಅದರಲ್ಲಿ ಒಬ್ಬ ಹಸಿವಾಗಿ ನಿನ್ನ ಹೋಟೆಲಿಗೆ ಬಂದಿದ್ದಾನೆ, ಅಷ್ಟೇ. ನೀನು ಮೂರನೆಯದೋ ನಾಲ್ಕನೆಯದೋ ಲೇಯರ್ ಆಗಿಬಿಟ್ಟೆ.

ಈಗ ಕೇಳಬೇಕಾದ್ದು ಒಂದೇ ಪ್ರಶ್ನೆ. ಬಂದಿರುವುದು ಲೀನಾ, ಡೆಬಿಟ್ ಫ್ರೀಜಾ? ಲೀನ್ ಅಂದರೆ ಅಷ್ಟು ಮೊತ್ತಕ್ಕೆ ಮಾತ್ರ ತಡೆ. ಡೆಬಿಟ್ ಫ್ರೀಜ್ ಅಂದರೆ ಒಂದು ರೂಪಾಯಿಯೂ ಹೊರಗೆ ಹೋಗಲ್ಲ. ಎಷ್ಟೋ ಸಲ ಪೊಲೀಸರು ಕೇಳಿದ್ದು ಲೀನ್ ಆಗಿರುತ್ತೆ, ಬ್ಯಾಂಕಿನವರು ತಮಗೆ ತಲೆನೋವು ಬೇಡ ಅಂತ ಪೂರ್ತಿ ಬೀಗ ಹಾಕಿರುತ್ತಾರೆ. ಪೊಲೀಸರ ಪತ್ರದಲ್ಲಿ ಏನಿದೆ ಅಂತ ಬರವಣಿಗೆಯಲ್ಲಿ ಕೇಳು.

ಘಾಟ್ಕೋಪರ್_ಗಲ್ಲಾ:
ಅಂಕಲ್, ಬಾಯಲ್ಲಿ ಕೇಳಿದ್ದಕ್ಕೆ "ಕಾನ್ಫಿಡೆನ್ಷಿಯಲ್" ಅಂದರು.

ಮುಲುಂಡ್_ಮಾಜಿ_ಕ್ಯಾಶಿಯರ್:
ಬಾಯಲ್ಲಿ ಕೇಳಿದರೆ ಹಾಗೇ ಅನ್ನುತ್ತಾರೆ. ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲ್ ಹಾಕಿಸಿಕೋ. ದೂರಿನ ಅಕ್ನಾಲೆಜ್‌ಮೆಂಟ್ ನಂಬರ್, ಯಾವ ರಾಜ್ಯ, ಯಾವ ಠಾಣೆ, ಎಷ್ಟು ಮೊತ್ತ, ಯಾವ ಯುಟಿಆರ್, ಅಂದರೆ ಆ ವಹಿವಾಟಿನ ನಂಬರ್. ಇಷ್ಟು ಕೇಳು. ಇಷ್ಟಿಲ್ಲದೆ ಮುಂದಕ್ಕೆ ಹೋಗಲು ಆಗಲ್ಲ.

ಕುರ್ಲಾ_ಕರಿಕೋಟು:
ವಕೀಲ ನಾನು. ಕ್ಯಾಶಿಯರ್ ಸರ್ ಹೇಳಿದ್ದು ಸರಿ, ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಪೊಲೀಸರು ಹೀಗೆ ಅಕೌಂಟ್ ನಿಲ್ಲಿಸುವುದು ಹಿಂದೆ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 102ನೇ ಸೆಕ್ಷನ್ ಕೆಳಗೆ. ಈಗ 2024 ಜುಲೈಯಿಂದ ಹೊಸ ಕಾನೂನು ಬಂದಿದೆ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಅದರ 106ನೇ ಸೆಕ್ಷನ್. ನಿಲ್ಲಿಸಿದ ಮೇಲೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಅಂತ ಅದರಲ್ಲೇ ಇದೆ. ಮಾಡುತ್ತಾರಾ ಅಂತ ಕೇಳಬೇಡಿ. ಕೇರಳದಲ್ಲಿ ನಿಮ್ಮ ಹಾಗೇ ಎಷ್ಟೋ ಜನ ಕೋರ್ಟಿಗೆ ಹೋದರು. 2023ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದು, ಅನುಮಾನ ಇರುವ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದದ್ದನ್ನು ಬಳಸಲು ಬಿಡಿ ಅಂತ. ಮುಂಬೈಯ ಬ್ಯಾಂಕಿಗೆ ಅದು ನೇರ ಆದೇಶ ಅಲ್ಲ, ಆದರೆ ಅರ್ಜಿಯಲ್ಲಿ ಬರೆದರೆ ತೂಕ ಬರುತ್ತೆ.

ತನಿಖಾಧಿಕಾರಿಗೆ ಇಮೇಲ್ ಹಾಕಿ. ಆ ದಿನದ ಬಿಲ್, ಹೋಟೆಲ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ ಅನ್ನುವ ಆಹಾರ ಸುರಕ್ಷತೆಯ ಪರವಾನಗಿ, ಜಿಎಸ್‌ಟಿ ಸರ್ಟಿಫಿಕೇಟ್, ಸ್ಟೇಟ್‌ಮೆಂಟಿನ ಆ ಪುಟ ಜೊತೆಗಿರಲಿ. ಸಿಸಿಟಿವಿ ಉಳಿದಿದ್ದರೆ ಇನ್ನೂ ಒಳ್ಳೆಯದು. ಸೈಬರ್ ಕ್ರೈಮ್ ಪೋರ್ಟಲಲ್ಲಿ ಪ್ರತಿ ರಾಜ್ಯದ ನೋಡಲ್ ಅಧಿಕಾರಿ, ಗ್ರೀವೆನ್ಸ್ ಅಧಿಕಾರಿ ಇಬ್ಬರ ಇಮೇಲೂ ಇದೆ. ಅವರಿಗೂ ಪ್ರತಿ ಹಾಕಿ. ಠಾಣೆಗೆ ಮಾತ್ರ ಕಳಿಸಿದರೆ ಯಾರೂ ತೆರೆಯದೆ ಬಿದ್ದಿರುತ್ತೆ.

ವಾಸ್ಕೋ_ಬಸವ:
ನಮ್ಮ ಕಡೆ ನೋಡ್ರೀ, ಗೋವಾದ ಬೈನಾದಲ್ಲಿ ಮೊದಲಿನಿಂದಲೂ ತರಕಾರಿ ಮಾರುತ್ತೇವೆ, ಅಪ್ಪ ಕೊಪ್ಪಳದಿಂದ ಬಂದವರು. ನಾನು ಸ್ಕ್ಯಾನರ್ ಇಟ್ಟೇ ಇಲ್ಲ. ದುಡ್ಡು ಕೈಯಲ್ಲಿ ಬಂದರೆ ದುಡ್ಡು. ಗಾಳಿಯಲ್ಲಿ ಬಂದದ್ದು ಗಾಳಿಯಲ್ಲೇ ಹೋಗುತ್ತೆ. ಟೂರಿಸ್ಟ್‌ಗಳು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಬೆಂಗಳೂರಲ್ಲಿ 2025ರ ಜುಲೈಯಲ್ಲಿ ಏನಾಯಿತು ನೋಡಿದ್ರಲ್ಲ, ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸ್. ರಾತ್ರೋರಾತ್ರಿ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡು.

ಮುಲುಂಡ್_ಮಾಜಿ_ಕ್ಯಾಶಿಯರ್:
ಬಸವಣ್ಣ, ತರಕಾರಿಗೆ ಜಿಎಸ್‌ಟಿಯೇ ಇಲ್ಲ. ನಿನಗೆ ಯಾವ ನೋಟಿಸ್ ಭಯ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ. ಹೋಟೆಲ್ ಸೇವೆ ಲೆಕ್ಕಕ್ಕೆ ಬರುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಬೆರೆಸಬೇಡ.

ವಾಸ್ಕೋ_ಬಸವ:
ಭಯ ಇಲ್ಲ ಸರ್. ನೆಮ್ಮದಿ ಇದೆ ಅಂದೆ.

ಮಾಟುಂಗಾ_ಮಾಣಿ:
ಮುಂಬೈಯಲ್ಲಿ ಸ್ಕ್ಯಾನರ್ ತೆಗೆದರೆ ಮಧ್ಯಾಹ್ನದ ಊಟಕ್ಕೆ ಬರುವ ಆಫೀಸಿನವರು ಎದುರಿನ ಹೋಟೆಲಿಗೆ ಹೋಗುತ್ತಾರೆ ಮಾರಾಯ್ರೆ. ಈಗಿನ ಹುಡುಗರ ಜೇಬಲ್ಲಿ ಹತ್ತು ರೂಪಾಯಿ ನೋಟು ಇದ್ದರೆ ನನ್ನ ಕಿವಿ ಕೊಯ್ಯಿರಿ. ಚಿಲ್ಲರೆಗೆ ಚಾಕಲೇಟ್ ಕೊಡುತ್ತಿದ್ದ ಕಾಲ ಮರೆತಿರಾ?

ಠಾಣೆ_ಅಕ್ಕ:
ಎಲ್ಲರೂ ಫ್ರೀಜ್ ಅಂದರೆ ಏನೋ ದೊಡ್ಡ ಅನ್ಯಾಯ ಅನ್ನುವ ಹಾಗೆ ಬರೆಯುತ್ತಿದ್ದೀರಿ. ಇನ್ನೊಂದು ಕಡೆಯನ್ನೂ ಕೇಳಿ.

ನಮ್ಮ ಚಿಕ್ಕಮ್ಮ ಒಬ್ಬರೇ ಇರುವುದು, ಟೀಚರ್ ಆಗಿ ರಿಟೈರ್ ಆದವರು. ಅವರಿಗೆ ಒಂದು ಫೋನ್. ನಿಮ್ಮ ಹೆಸರಿನ ಪಾರ್ಸೆಲಲ್ಲಿ ಡ್ರಗ್ಸ್ ಸಿಕ್ಕಿದೆ, ಸಿಬಿಐಗೆ ಕನೆಕ್ಟ್ ಮಾಡುತ್ತೇವೆ. ಆಮೇಲೆ ವಿಡಿಯೋ ಕಾಲ್. ಯೂನಿಫಾರ್ಮ್, ಹಿಂದೆ ಧ್ವಜ, ಕೋರ್ಟಿನ ಸೀಲ್ ಇರುವ ಪತ್ರ. ಬಾಗಿಲು ತೆಗೆಯಬಾರದು, ಯಾರಿಗೂ ಹೇಳಬಾರದು, ಕ್ಯಾಮೆರಾ ಮುಂದೆಯೇ ಇರಬೇಕು. ಇದನ್ನೇ ಡಿಜಿಟಲ್ ಅರೆಸ್ಟ್ ಅನ್ನುವುದು. ಪಾಪ, ರಾತ್ರಿ ಇಡೀ ಕೂತಿದ್ದಾರೆ. ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಿ ಆರ್‌ಟಿಜಿಎಸ್ ಮಾಡಿದ್ದಾರೆ. "ತನಿಖೆ ಮುಗಿದ ಮೇಲೆ ರಿಸರ್ವ್ ಬ್ಯಾಂಕ್ ವಾಪಸ್ ಹಾಕುತ್ತೆ" ಅಂದಿದ್ದರಂತೆ.

ಪಕ್ಕದ ಮನೆಯ ಹುಡುಗಿ ಸಂಜೆ ಹಾಲು ಕೊಡಲು ಹೋದಾಗ ಅನುಮಾನ ಬಂದು ನನಗೆ ಫೋನ್ ಮಾಡಿದಳು. ಆಗಲೇ 1930ಕ್ಕೆ ಹೇಳಿಸಿದೆವು. ದುಡ್ಡು ಅಷ್ಟರೊಳಗೆ ಎಲ್ಲೆಲ್ಲೋ ಹಂಚಿ ಹೋಗಿತ್ತು. ಪೂರ್ತಿ ಸಿಗಲಿಲ್ಲ. ಸಿಕ್ಕಿದ್ದು ಎಲ್ಲಿ ಗೊತ್ತಾ? ಈ ಕೆಳಗಿನ ಲೇಯರಿನ ಅಕೌಂಟುಗಳಲ್ಲೇ. ಪೊಲೀಸರು ಮೊದಲು "ನೀವು ತಪ್ಪಿತಸ್ಥರಾ" ಅಂತ ಒಬ್ಬೊಬ್ಬರನ್ನೂ ಕೇಳಿಕೊಂಡು ಕೂತಿದ್ದರೆ ನಮ್ಮ ಚಿಕ್ಕಮ್ಮನಿಗೆ ಒಂದು ಪೈಸೆಯೂ ಬರುತ್ತಿರಲಿಲ್ಲ.

ಘಾಟ್ಕೋಪರ್_ಗಲ್ಲಾ:
ಅಕ್ಕಾ, ಚಿಕ್ಕಮ್ಮನಿಗೆ ಆದದ್ದು ಕೇಳಿ ಬೇಜಾರಾಯಿತು. ನಾನು ಹಿಡಿಯಬೇಡಿ ಅನ್ನುತ್ತಿಲ್ಲ. 860 ಹಿಡಿಯಿರಿ. ನನ್ನ ಹುಡುಗರ ಸಂಬಳ ಹಿಡಿದರೆ ನಿಮ್ಮ ಚಿಕ್ಕಮ್ಮನಿಗೆ ಏನು ಸಿಗುತ್ತೆ?

ಠಾಣೆ_ಅಕ್ಕ:
ಅದು ಒಪ್ಪಿದೆ. ಆದರೆ ಆ ಹೊತ್ತಿನಲ್ಲಿ ಪೊಲೀಸರಿಗೆ ಯಾವುದು ಹೋಟೆಲ್, ಯಾವುದು ಕಳ್ಳನ ಅಕೌಂಟ್ ಅಂತ ಹೇಗೆ ಗೊತ್ತಾಗಬೇಕು?

ಡೊಂಬಿವಲಿ_ಸ್ಲೋ:
ಕರೆಂಟ್ ಅಕೌಂಟ್, ಮರ್ಚೆಂಟ್ ಕ್ಯೂಆರ್, ಹತ್ತಾರು ವರ್ಷದ ಹಳೇ ಖಾತೆ, ದಿನಾ ನೂರಾರು ಸಣ್ಣ ಸಣ್ಣ ಮೊತ್ತ. ಇದನ್ನು ನೋಡಿ ಗೊತ್ತಾಗದಿದ್ದರೆ ಯಾವ ತನಿಖೆ ಅದು? ಕಂಪ್ಯೂಟರ್ ನೋಡಿದರೇ ಹೇಳುತ್ತೆ. ಬಾಡಿಗೆ ಅಕೌಂಟ್, ಅಂದರೆ ಕಳ್ಳರು ದುಡ್ಡು ಕೊಟ್ಟು ಬಳಸುವ ಬೇರೆಯವರ ಅಕೌಂಟ್, ಹಿಡಿಯಲು ರಿಸರ್ವ್ ಬ್ಯಾಂಕಿನವರು ಮ್ಯೂಲ್ ಹಂಟರ್ ಅಂತ ಒಂದು ಸಾಫ್ಟ್‌ವೇರೇ ಮಾಡಿಸಿದ್ದಾರಲ್ಲ.

ಬೋರಿವಲಿ_ಬುದ್ಧಿವಂತ:
ಓದಿದ ಟೀಚರ್ ಹೀಗೆ ಮೋಸ ಹೋಗುತ್ತಾರೆ ಅಂದರೆ ನಂಬಲು ಕಷ್ಟ. ಪೇಪರಲ್ಲಿ ದಿನಾ ಬರುತ್ತೆ. 2024ರ ಅಕ್ಟೋಬರಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಿದರು, ಡಿಜಿಟಲ್ ಅರೆಸ್ಟ್ ಅಂತ ಕಾನೂನಲ್ಲಿ ಏನೂ ಇಲ್ಲ ಅಂತ. ಕಾಲರ್ ಟ್ಯೂನಲ್ಲೂ ತಲೆ ತಿಂದರು. ಇನ್ನೂ ಬೀಳುತ್ತಾರೆ ಅಂದರೆ ಸ್ವಲ್ಪ ಅವರದ್ದೂ ಇದೆ.

ಠಾಣೆ_ಅಕ್ಕ:
ಬುದ್ಧಿವಂತರೇ, ನಿಮ್ಮ ಆಧಾರ್ ನಂಬರ್, ಮನೆ ವಿಳಾಸ, ಯಾವ ಬ್ಯಾಂಕಲ್ಲಿ ಎಫ್‌ಡಿ ಇದೆ, ಎಲ್ಲ ಸರಿಯಾಗಿ ಹೇಳಿ ಒಬ್ಬ ಯೂನಿಫಾರ್ಮಲ್ಲಿ ಗದರಿಸಲಿ, ಆಗ ನೋಡೋಣ. ಬುದ್ಧಿ ಕೆಲಸ ಮಾಡುವುದು ಹೆದರಿಕೆ ಇಳಿದ ಮೇಲೆ. ಚಿಕ್ಕಮ್ಮ ದುರಾಸೆಗೆ ಬಿದ್ದವರಲ್ಲ.

ಮಾಟುಂಗಾ_ಮಾಣಿ:
ಬುದ್ಧಿವಂತರ ಹೆಸರಿನಲ್ಲೇ ಸಮಸ್ಯೆ ಇದೆ.

ಹಿಂಜವಡಿ_ಹುಡುಗ:
ನನ್ನದೂ ಫ್ರೀಜ್ ಆಗಿದೆ. ಸಂಬಳದ ಅಕೌಂಟ್. ಪುಣೆಯಲ್ಲಿ ಐಟಿ ಕೆಲಸ. ನನ್ನ ಹತ್ತಿರ ಸ್ವಲ್ಪ ಯುಎಸ್‌ಡಿಟಿ ಅನ್ನುವ ಕ್ರಿಪ್ಟೋ ಕಾಯಿನ್ ಇತ್ತು, ಪಿ2ಪಿಯಲ್ಲಿ, ಅಂದರೆ ನೇರ ಇನ್ನೊಬ್ಬನಿಗೆ ಮಾರಿದೆ. ಕೊಂಡವನು ದುಡ್ಡು ಹಾಕಿದ, ನಾನು ಕಾಯಿನ್ ಬಿಟ್ಟೆ. ಈಗ ಆ ದುಡ್ಡು ಯಾವುದೋ ಶೇರ್ ಟ್ರೇಡಿಂಗ್ ಫ್ರಾಡ್‌ದು ಅನ್ನುತ್ತಿದ್ದಾರೆ. ನಾನೂ ಹೋಟೆಲ್‌ನವರ ಹಾಗೇ ಅಲ್ವಾ?

ಕುರ್ಲಾ_ಕರಿಕೋಟು:
ಇಲ್ಲಪ್ಪ, ಹಾಗೇ ಅಲ್ಲ. ಅವರು 860ಕ್ಕೆ ದೋಸೆ ಕೊಟ್ಟಿದ್ದಾರೆ, ಬಿಲ್ ಇದೆ. ನಿನ್ನ ವಹಿವಾಟಲ್ಲಿ ಕಳ್ಳನ ರೂಪಾಯಿ ಒಳಗೆ ಬಂತು, ಕಾಯಿನ್ ದೇಶ ಬಿಟ್ಟು ಹೋಯಿತು. ಕಳ್ಳರು ದುಡ್ಡು ದಾಟಿಸುವ ದಾರಿಯೇ ಅದು. ನೀನು ಗೊತ್ತಿದ್ದು ಮಾಡಿದೆ ಅನ್ನುತ್ತಿಲ್ಲ, ಆದರೆ ಪೊಲೀಸರು ನೋಡುವ ರೀತಿ ಬೇರೆ ಇರುತ್ತೆ. ಎಕ್ಸ್‌ಚೇಂಜಿನ ಆರ್ಡರ್ ಹಿಸ್ಟರಿ, ಚಾಟ್, ಕೊಂಡವನ ಕೆವೈಸಿ ಹೆಸರು ಎಲ್ಲ ತೆಗೆದಿಡು. ಹಾಕಿದವನ ಹೆಸರೂ ಆರ್ಡರಿನ ಹೆಸರೂ ಒಂದೇನಾ?

ಹಿಂಜವಡಿ_ಹುಡುಗ:
ಬೇರೆ ಇತ್ತು. ತಮ್ಮನ ಅಕೌಂಟ್ ಅಂದಿದ್ದ.

ಬೋರಿವಲಿ_ಬುದ್ಧಿವಂತ:
ಇದಕ್ಕೇನು ಹೇಳುತ್ತೀರಿ ಅಕ್ಕಾ?

ಠಾಣೆ_ಅಕ್ಕ:
ಇಲ್ಲಿ ಏನೂ ಹೇಳಲ್ಲ. ಹುಡುಗನಿಗೆ ವಕೀಲರು ಸಿಕ್ಕಿದ್ದಾರೆ, ಸಾಕು.

ವಿಜಾಪುರ_ಟು_ಪಿಂಪ್ರಿ:
ಬಾಡಿಗೆ ಅಕೌಂಟ್ ಮಾತು ಬಂತಲ್ಲ, ಅದನ್ನು ನಮ್ಮವರು ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು ರೀ. ನಾನು ಪಿಂಪ್ರಿಯಲ್ಲಿ ಲೇಬರ್ ಕಾಂಟ್ರಾಕ್ಟರ್. ವಿಜಾಪುರ, ಕಲಬುರಗಿ, ಯಾದಗಿರಿ ಕಡೆಯ ಹುಡುಗರು ಕೆಲಸಕ್ಕೆ ಬರುತ್ತಾರೆ. ಅವರಲ್ಲೊಬ್ಬನಿಗೆ ಯಾರೋ ಚಹಾದಂಗಡಿಯಲ್ಲಿ ಗೆಳೆಯನಾದ. "ನಿನ್ನ ಹೆಸರಲ್ಲಿ ಅಕೌಂಟ್ ತೆಗಿ, ಪಾಸ್‌ಬುಕ್, ಎಟಿಎಂ, ಸಿಮ್ ನನಗೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇನೆ, ಗೇಮಿಂಗ್ ಕಂಪನಿಗೆ ಬೇಕು." ಇವನು ಕೊಟ್ಟ. ಕಿಟ್ ಅಂತಾರಂತೆ ಅದಕ್ಕೆ. ಮೂರು ತಿಂಗಳು ದುಡ್ಡು ಬಂತು. ಆಮೇಲೆ ಪೊಲೀಸರೇ ಬಂದರು. ಅವನ ಅಕೌಂಟಲ್ಲಿ ಲಕ್ಷಗಟ್ಟಲೆ ಓಡಾಡಿದೆ, ಅವನಿಗೆ ಸಿಕ್ಕಿದ್ದು ಒಂದು ಮೊಬೈಲ್ ಕೊಳ್ಳುವಷ್ಟು. ಕೇಸಲ್ಲಿ ಹೆಸರು ಇವನದ್ದು. ಗೆಳೆಯನ ನಿಜವಾದ ಹೆಸರೂ ಗೊತ್ತಿಲ್ಲ. ತಾಯಿ ಊರಿಂದ ಬಂದು ನನ್ನ ಮನೆ ಮುಂದೆ ಅತ್ತರು. ಜಾಮೀನಿಗೆ ಓಡಾಡಿದ್ದು ನಾನು.

ನಿಮ್ಮ ಹೋಟೆಲಿನ ಹುಡುಗರಿಗೂ ಹೇಳಿ. ರಾತ್ರಿ ಕೆಲಸ ಮುಗಿದ ಮೇಲೆ ಕೂರಿಸಿಕೊಂಡು ಹೇಳಿ. ಅವರ ಕೈಯಲ್ಲಿ ಸಂಬಳ ಕಮ್ಮಿ, ಅದಕ್ಕೇ ಅವರನ್ನೇ ಹುಡುಕಿಕೊಂಡು ಬರುತ್ತಾರೆ.

ಘಾಟ್ಕೋಪರ್_ಗಲ್ಲಾ:
ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಒಬ್ಬ ಹೊಸದಾಗಿ ಎರಡನೇ ಅಕೌಂಟ್ ತೆಗೆದಿದ್ದಾನೆ ಅಂತ ಮೊನ್ನೆ ಕೇಳಿದೆ. ಇವತ್ತೇ ವಿಚಾರಿಸುತ್ತೇನೆ.

ರಿಕವರಿ_ಸಹಾಯ_24:
ನಿಮ್ಮ ಫ್ರೀಜ್ ಅಕೌಂಟ್ 24 ಗಂಟೆಯಲ್ಲಿ ಓಪನ್. ಕಳೆದುಕೊಂಡ ಹಣ ವಾಪಸ್ ಗ್ಯಾರಂಟಿ. ಸರ್ಕಾರಿ ಸೈಬರ್ ತಜ್ಞರು. ನೋಂದಣಿ ಶುಲ್ಕ ಮಾತ್ರ. ವಾಟ್ಸಾಪ್ ಮಾಡಿ.

ಡೊಂಬಿವಲಿ_ಸ್ಲೋ:
ಬಂದ ನೋಡಿ, ವಾಸನೆ ಹಿಡಿದು.

ಮಾಟುಂಗಾ_ಮಾಣಿ:
ಶುಲ್ಕ ನಗದಲ್ಲಿ ಕೊಡುತ್ತೇನೆ, ಹೋಟೆಲಿಗೆ ಬಾ ಮಾರಾಯ. ಮಸಾಲೆ ದೋಸೆಯೂ ಇದೆ.

ನಿರ್ವಾಹಕ:
ಆ ಖಾತೆ ತೆಗೆದಿದ್ದೇವೆ. ಉಳಿದವರು ಎಚ್ಚರ, ಈಗಾಗಲೇ ಮೋಸ ಹೋದವರನ್ನೇ ಹುಡುಕಿ ಮತ್ತೆ ಮೋಸ ಮಾಡುವವರು ಇವರು. ನಿಮ್ಮ ಅಕೌಂಟ್ ನಂಬರ್, ದೂರಿನ ನಂಬರ್, ಫೋನ್ ನಂಬರ್ ಯಾವುದನ್ನೂ ಇಲ್ಲಿ ಹಾಕಬೇಡಿ.

ಕೊತ್ರೂಡ್_ಕುಲಕರ್ಣಿ_ಕಾಕಾ:
ಈಗಿನವರು ಮೋಸ ಅಂದರೆ ವಾಟ್ಸಾಪ್ ಅಂದುಕೊಂಡಿದ್ದಾರೆ. ಪುಣೆಯಲ್ಲಿ 2018ರ ಆಗಸ್ಟಿನಲ್ಲಿ ಕಾಸ್ಮೋಸ್ ಬ್ಯಾಂಕಿಗೆ ಬಿದ್ದ ಹೊಡೆತ ನೆನಪಿದೆಯಾ? ಶನಿವಾರ ಮಧ್ಯಾಹ್ನ. 28 ದೇಶಗಳಲ್ಲಿ ಒಟ್ಟಿಗೆ, ನಕಲಿ ಕಾರ್ಡ್ ಹಿಡಿದು ಎಟಿಎಂಗಳಿಂದ ದುಡ್ಡು ತೆಗೆದರು. ಎಟಿಎಂ ವಹಿವಾಟಿಗೆ ಒಪ್ಪಿಗೆ ಕೊಡುವ ಬ್ಯಾಂಕಿನ ಸ್ವಿಚ್ಚಿಗೇ ವೈರಸ್ ಹೊಕ್ಕಿತ್ತು. ಸೋಮವಾರ ಬ್ಯಾಂಕುಗಳು ವಿದೇಶಕ್ಕೆ ದುಡ್ಡು ಕಳಿಸಲು ಬಳಸುವ ಸ್ವಿಫ್ಟ್ ವ್ಯವಸ್ಥೆಯ ಮೂಲಕ ಹಾಂಗ್‌ಕಾಂಗಿಗೂ ಕಳಿಸಿದರು. ಎಲ್ಲ ಸೇರಿ 94 ಕೋಟಿ. ಯಾವ ಗ್ರಾಹಕನೂ ಒಟಿಪಿ ಹೇಳಿರಲಿಲ್ಲ, ಯಾರೂ ಲಿಂಕ್ ಒತ್ತಿರಲಿಲ್ಲ. ಹೋದದ್ದು ಬ್ಯಾಂಕಿನ ದುಡ್ಡು. ಆದ್ದರಿಂದ ಬೋರಿವಲಿಯವರು ಜನರಿಗೆ ಬುದ್ಧಿ ಇಲ್ಲ ಅನ್ನುವ ಮುಂಚೆ ಯೋಚನೆ ಮಾಡಲಿ.

ಬೋರಿವಲಿ_ಬುದ್ಧಿವಂತ:
ಕಾಕಾ, ಅದು ಹ್ಯಾಕಿಂಗ್. ನಾನು ಹೇಳಿದ್ದು ಬೇರೆ. ನಾವೇ ಪಿನ್ ಒತ್ತಿ ಕಳಿಸಿದರೆ ಬ್ಯಾಂಕ್ ಏನು ಮಾಡಬೇಕು?

ಮುಲುಂಡ್_ಮಾಜಿ_ಕ್ಯಾಶಿಯರ್:
ಇಬ್ಬರೂ ಅರ್ಧ ಅರ್ಧ ಸರಿ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕನ ಹೊಣೆ ಸೊನ್ನೆ. ಬ್ಯಾಂಕಿನದ್ದೂ ಅಲ್ಲ, ಗ್ರಾಹಕನದ್ದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಅಂದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಆಗಲೂ ಸೊನ್ನೆ. ತಿಳಿಸಿದ ಮೇಲೆ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು. ಗ್ರಾಹಕನದ್ದೇ ತಪ್ಪು ಅಂತ ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೆ. ಆದರೆ ಪಿನ್, ಒಟಿಪಿ ನಾವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೂ ಹೋದರೆ ಬ್ಯಾಂಕಿನದ್ದು. ಅದಕ್ಕೇ ದೂರು ಕೊಟ್ಟ ಗಂಟೆ ನಿಮಿಷ ಬರೆದಿಡಿ ಅನ್ನುವುದು.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 2021ರ ನವೆಂಬರಿನಿಂದ ಎಲ್ಲ ಬ್ಯಾಂಕಿಗೂ ಒಂದೇ ಯೋಜನೆ, ಆನ್‌ಲೈನಲ್ಲೇ ಹಾಕಬಹುದು, ಖರ್ಚಿಲ್ಲ. ಏನಾದರೂ ಕೇಳಬೇಕಿದ್ದರೆ 14448.

ಪುಣೆ_ಬಾಡಿಗೆ_ಮನೆ:
ಸ್ವಲ್ಪ ಬೇರೆ ವಿಷಯ. ಮನೆ ಬಾಡಿಗೆಗೆ ಅಂತ ಆನ್‌ಲೈನಲ್ಲಿ ಹಾಕಿದ ಮೊದಲ ದಿನವೇ ಒಬ್ಬ "ಮಿಲಿಟರಿಯವನು" ಫೋನ್ ಮಾಡಿದ. ಪುಣೆಗೆ ಟ್ರಾನ್ಸ್‌ಫರ್ ಆಗಿದೆ, ಮನೆ ನೋಡುವುದೂ ಬೇಡ, ಅಡ್ವಾನ್ಸ್ ಈಗಲೇ ಹಾಕುತ್ತೇನೆ. ಸೈನ್ಯದ ಲೆಕ್ಕ ಬೇರೆ ರೀತಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮಗೆ ದುಡ್ಡು ಬರುತ್ತೆ ಅಂದ. ಐಡಿ ಕಾರ್ಡಿನ ಫೋಟೋ, ಕ್ಯಾಂಟೀನ್ ಕಾರ್ಡ್, ಮಕ್ಕಳ ಫೋಟೋ ಎಲ್ಲ ಕಳಿಸಿದ. ನಮ್ಮತ್ತೆ ಪಕ್ಕದಲ್ಲೇ ಕೂತಿದ್ದರು. "ದುಡ್ಡು ಬರುವುದಕ್ಕೆ ನಾವ್ಯಾಕೆ ಪಿನ್ ಒತ್ತಬೇಕು?" ಅಂದರು. ಅಷ್ಟಕ್ಕೇ ಅವನು ಅತ್ತೆಗೇ ಬೈದು ಫೋನ್ ಇಟ್ಟ.

ಮಾಟುಂಗಾ_ಮಾಣಿ:
ಅತ್ತೆಯನ್ನು ರಿಸರ್ವ್ ಬ್ಯಾಂಕಿಗೆ ಕಳಿಸಿ.

ಮಾಪ್ಸಾ_ಮಲ್ಲು:
ಇಬ್ಬರ ನಡುವಿನ ಕಲೆಕ್ಟ್ ರಿಕ್ವೆಸ್ಟ್, ಅಂದರೆ ಯುಪಿಐಯಲ್ಲಿ ಇನ್ನೊಬ್ಬನಿಗೆ ದುಡ್ಡು ಕೇಳಿ ಕಳಿಸುವ ಕೋರಿಕೆ, ಈಗ ಇಲ್ಲವಲ್ಲ, 2025ರ ಅಕ್ಟೋಬರಿನಿಂದ ನಿಲ್ಲಿಸಿದ್ದಾರೆ. ಈಗ ಕ್ಯೂಆರಿಗೇ ಬಂದಿದ್ದಾರೆ ಅನ್ನಿ. ಗೋವಾದಲ್ಲಿ ನಮ್ಮದು ಬೇರೆ ಗೋಳು. ಹುಬ್ಬಳ್ಳಿಯಿಂದ ಫ್ಯಾಮಿಲಿ ಬರುತ್ತೆ, ಕಲಂಗೂಟಲ್ಲಿ ವಿಲ್ಲಾ ಬುಕ್ ಮಾಡಿದ್ದೇವೆ ಅಂತ ರಿಕ್ಷಾ ಇಳಿಯುತ್ತಾರೆ. ಆ ವಿಳಾಸದಲ್ಲಿ ತೆಂಗಿನ ತೋಟ. ಫೋಟೋ ಬೇರೆ ಯಾವುದೋ ಮನೆಯದು, ಅಡ್ವಾನ್ಸ್ ಹೋಗಿರುತ್ತೆ. ಡಿಸೆಂಬರಲ್ಲಿ ಇಂಥವರಿಗೆ ರೂಮ್ ಹುಡುಕಿ ಕೊಡುವುದೇ ನನ್ನ ಕೆಲಸ ಆಗಿಬಿಟ್ಟಿದೆ. ದುಡ್ಡು ಕಳಿಸುವಾಗ ಬರುವ ಹೆಸರನ್ನಾದರೂ ಓದಿ. ಈಗ ಬ್ಯಾಂಕಲ್ಲಿ ಇರುವ ಹೆಸರೇ ತೋರಿಸಬೇಕು ಅಂತ ರೂಲ್ ಇದೆ. ಬೀಚ್ ವಿಲ್ಲಾ ಅಂತ ಇದ್ದು, ಹೆಸರು ಎಲ್ಲೋ ಉತ್ತರದ ಯಾರದೋ ಬಂದರೆ ನಿಲ್ಲಿಸಬೇಕಲ್ಲ.

ವಾಸ್ಕೋ_ಬಸವ:
ಮಲ್ಲು, ನಗದಾಗಿದ್ದರೆ ತೋಟ ನೋಡಿ ವಾಪಸ್ ಹೋಗುತ್ತಿದ್ದರು. ದುಡ್ಡಾದರೂ ಉಳಿಯುತ್ತಿತ್ತು.

ಮಾಪ್ಸಾ_ಮಲ್ಲು:
ಹುಬ್ಬಳ್ಳಿಯಿಂದ ನಗದು ಅಡ್ವಾನ್ಸ್ ಹೇಗೆ ಕೊಡುತ್ತಾರೆ ಬಸವಣ್ಣ, ಬಸ್ಸಿನ ಕಂಡಕ್ಟರ್ ಕೈಯಲ್ಲಾ?

ಡೊಂಬಿವಲಿ_ಸ್ಲೋ:
ಒಂದು ಪ್ರಶ್ನೆ. ಡಿಜಿಟಲ್ ರೂಪಾಯಿ ಅಂತ 2022ರ ಡಿಸೆಂಬರಲ್ಲಿ ಶುರು ಮಾಡಿದರಲ್ಲ, ಮೊದಲ ನಾಲ್ಕು ಊರಲ್ಲಿ ಮುಂಬೈಯೂ ಇತ್ತು. ಅದರಲ್ಲಿ ತಗೊಂಡರೆ ಅಕೌಂಟ್ ಫ್ರೀಜ್ ತಾಪತ್ರಯ ಇಲ್ಲ ಅಲ್ವಾ? ಅದು ನೋಟಿನ ಹಾಗೇ ಅನ್ನುತ್ತಾರೆ.

ಮುಲುಂಡ್_ಮಾಜಿ_ಕ್ಯಾಶಿಯರ್:
ನೋಟಿನ ಹಾಗೆ ವ್ಯಾಲೆಟ್ಟಲ್ಲಿ ಇರುತ್ತೆ, ಬಡ್ಡಿ ಇಲ್ಲ, ರಿಸರ್ವ್ ಬ್ಯಾಂಕೇ ಹೊರಡಿಸಿದ್ದು. ಆದರೆ ವ್ಯಾಲೆಟ್ ಕೊಡುವುದು ನಿನ್ನ ಬ್ಯಾಂಕೇ. ಮೇಲಾಗಿ ನಿನ್ನ ಗಿರಾಕಿ ಬಂದು ಯುಪಿಐ ಸ್ಕ್ಯಾನ್ ಮಾಡುತ್ತಾನೆ. ಅವನಿಗೆ ಇದೆಲ್ಲ ಯಾರು ಹೇಳುತ್ತಾರೆ? ಅದಕ್ಕಿಂತ ಒಂದು ಸಣ್ಣ ಕೆಲಸ ಮಾಡಿ. ಸ್ಕ್ಯಾನರಿಗೆ ಬೇರೆ ಕರೆಂಟ್ ಅಕೌಂಟ್, ಖರ್ಚಿಗೆ ಬೇರೆ ಬ್ಯಾಂಕಲ್ಲಿ ಇನ್ನೊಂದು. ದಿನಾ ರಾತ್ರಿ ಗಲ್ಲಾ ಮುಚ್ಚುವಾಗ ಅದರಿಂದ ಇದಕ್ಕೆ ದಾಟಿಸಿ. ಮೊದಲನೆಯದು ನಿಂತರೂ ಹೋಟೆಲ್ ನಿಲ್ಲಲ್ಲ.

ಠಾಣೆ_ಅಕ್ಕ:
ಅಂಕಲ್, ಕಳ್ಳರೂ ಅದನ್ನೇ ಅಲ್ವಾ ಮಾಡುವುದು? ಬಂದ ದುಡ್ಡನ್ನು ಕೂಡಲೇ ದಾಟಿಸುವುದು? ಎರಡನೇ ಅಕೌಂಟೂ ಮುಂದಿನ ಲೇಯರ್ ಅಂತ ಹಿಡಿದರೆ?

ಮುಲುಂಡ್_ಮಾಜಿ_ಕ್ಯಾಶಿಯರ್:
ಒಳ್ಳೆಯ ಪ್ರಶ್ನೆ ತಾಯಿ. ಹಾಗೂ ಆಗಬಹುದು. ಎರಡೂ ಹೋಟೆಲಿನ ಹೆಸರಲ್ಲೇ ಇದ್ದು, ಲೆಕ್ಕಪತ್ರದಲ್ಲಿ ತೋರಿಸಿದ್ದರೆ ಬಿಡಿಸಿಕೊಳ್ಳುವುದು ಸುಲಭ. ಹೆಂಡತಿ ಹೆಸರು, ಮಗನ ಹೆಸರು ಅಂತ ಹೋದರೆ ಗೋಜಲು. ಪೂರ್ತಿ ರಕ್ಷಣೆ ಅಂತ ಯಾವುದೂ ಇಲ್ಲ.

ಘಾಟ್ಕೋಪರ್_ಗಲ್ಲಾ:
ಎಲ್ಲರಿಗೂ ಒಂದು ಅಪ್‌ಡೇಟ್. ನೀವು ಹೇಳಿದ ಹಾಗೆ ಅರ್ಜಿ ಬರೆದು ಸೀಲ್ ಹಾಕಿಸಿಕೊಂಡೆ. ಕೇರಳದ ತೀರ್ಪಿನ ಮಾತೂ ಬರೆದೆ. ಸೀಲ್ ಹಾಕುವಾಗ ಮ್ಯಾನೇಜರ್ ಮುಖ ನೋಡಬೇಕಿತ್ತು. ಆಮೇಲೆ ಗೊತ್ತಾಗಿದ್ದು ಏನೆಂದರೆ ಕ್ಯಾಶಿಯರ್ ಅಂಕಲ್ ಊಹೆ ಸರಿ, ಪೊಲೀಸರು ಕೇಳಿದ್ದು 860ಕ್ಕೆ ಲೀನ್ ಮಾತ್ರ. ಪೂರ್ತಿ ಬೀಗ ಹಾಕಿದ್ದು ಬ್ಯಾಂಕಿನವರೇ, "ಸಿಸ್ಟಮ್ ಹಾಗೆ ತಗೊಂಡಿದೆ" ಅಂದರು. ಹೆಡ್ ಆಫೀಸಿಗೆ ಬರೆದು ಬಿಡಿಸಿದ್ದಾರೆ. ಹುಡುಗರ ಸಂಬಳ ಹೋಯಿತು. 860 ಇನ್ನೂ ಹಿಡಿದೇ ಇದೆ, ಠಾಣೆಯಿಂದ ಇಮೇಲಿಗೆ ಉತ್ತರ ಇಲ್ಲ. ಅದು ಯಾರದ್ದೋ ಕಳೆದುಹೋದ ದುಡ್ಡು ಅಂದರೆ ಅವರಿಗೇ ಹೋಗಲಿ, ನಾನು ಬೆನ್ನು ಹತ್ತಲ್ಲ.

ಆ ಎರಡನೇ ಅಕೌಂಟಿನ ಹುಡುಗನನ್ನೂ ಕೇಳಿದೆ. ತಂಗಿಯ ಮದುವೆಗೆ ಬೇರೆ ಕೂಡಿಡಲು ತೆಗೆದದ್ದಂತೆ, ಪಾಸ್‌ಬುಕ್ ತಂದು ತೋರಿಸಿದ. ಕಾರ್ಡ್ ಅವನ ಹತ್ತಿರವೇ ಇದೆ.

ವಿಜಾಪುರ_ಟು_ಪಿಂಪ್ರಿ:
ಬಹಳ ಒಳ್ಳೆಯದಾಯಿತು. ಎರಡೂ.

ಕುರ್ಲಾ_ಕರಿಕೋಟು:
860 ಬಿಟ್ಟರೂ ಎನ್‌ಒಸಿ, ಅಂದರೆ ಪೊಲೀಸರ ನಿರಾಕ್ಷೇಪಣಾ ಪತ್ರ, ಬಿಡಬೇಡಿ. ಕೇಸ್ ತೆರೆದೇ ಇದ್ದರೆ ನಾಳೆ ಲೋನಿಗೆ ಹೋದಾಗ ಅಥವಾ ಬ್ಯಾಂಕ್ ಕೆವೈಸಿ ನವೀಕರಿಸುವಾಗ ಮತ್ತೆ ತಲೆ ಎತ್ತುತ್ತೆ. ಗ್ರೀವೆನ್ಸ್ ಅಧಿಕಾರಿಗೆ ಇನ್ನೊಂದು ನೆನಪೋಲೆ ಹಾಕಿ. ಗ್ಯಾಸ್‌ನವರ ಚೆಕ್ ವಾಪಸ್ ಬಂದದ್ದಕ್ಕೆ ಹಾಕಿದ ದಂಡವನ್ನೂ ಬ್ಯಾಂಕಿನಿಂದ ಕೇಳಿ, ತಪ್ಪು ಅವರದ್ದು.

ಘಾಟ್ಕೋಪರ್_ಗಲ್ಲಾ:
ದಂಡದ ವಿಷಯ ನೋಡಿರಲೇ ಇಲ್ಲ ಸರ್. ಕೇಳುತ್ತೇನೆ.

ವಾಸ್ಕೋ_ಬಸವ:
ಅಂದರೆ ಸ್ಕ್ಯಾನರ್ ತೆಗೆಯಲ್ಲ?

ಘಾಟ್ಕೋಪರ್_ಗಲ್ಲಾ:
ತೆಗೆಯಲ್ಲ ಬಸವಣ್ಣ. ಎದುರಿನ ಹೋಟೆಲಿನವನು ಕಾಯುತ್ತಿದ್ದಾನೆ.

ಹಿಂಜವಡಿ_ಹುಡುಗ:
ಸರ್, ನನಗೆ ಇವತ್ತು ಆ ಠಾಣೆಯಿಂದ ನೋಟಿಸ್ ಬಂದಿದೆ, ಬಂದು ಹೇಳಿಕೆ ಕೊಡಿ ಅಂತ. ಹೋಗಬೇಕಾ, ಇಮೇಲಲ್ಲೇ ಉತ್ತರ ಕೊಟ್ಟರೆ ಆಗುತ್ತಾ? ಆ ತಮ್ಮನ ಅಕೌಂಟ್ ವಿಷಯ ಹೇಗೆ ಬರೆಯಲಿ?

ಕುರ್ಲಾ_ಕರಿಕೋಟು:
ಇಲ್ಲಿ ಇನ್ನು ಒಂದು ಅಕ್ಷರ ಬರೆಯಬೇಡ. ಮೊದಲು ನೋಟಿಸ್ ನಿಜವಾದದ್ದಾ ಅಂತ ನೋಡಬೇಕು, ಅದರ ಹೆಸರಲ್ಲೂ ಮೋಸ ನಡೆಯುತ್ತೆ. ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡ, ಆ ರಾಜ್ಯದ ಪೊಲೀಸ್ ವೆಬ್‌ಸೈಟಲ್ಲಿ ಠಾಣೆಯ ನಂಬರ್ ಹುಡುಕು. ನಿಜ ಅಂತಾದರೆ ಪುಣೆಯಲ್ಲಿ ಒಬ್ಬ ವಕೀಲರನ್ನು ಹಿಡಿದು ಅವರ ಜೊತೆ ಕೂತು ಉತ್ತರ ಬರಿ. ಯಾರೂ ಸಿಗದಿದ್ದರೆ ನನಗೆ ಖಾಸಗಿ ಮೆಸೇಜ್ ಹಾಕು.